ಒಂದು ಬಟ್ಟೆಗೆ ಒಮ್ಮೆ ಮಾತ್ರ

ಅಮೆರಿಕದ ವಾಷಿಂಗ್ಟನ್ ಬಳಿಯ ಜರ್ಮನ್‌ಟೌನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೂರು ಬರುತ್ತಿದ್ದದ್ದು ಯಾವಾಗಲೂ ನಮ್ಮ ಮೇಲೆಯೇ. ಇಂಗಿನ ಒಗ್ಗರಣೆಗೆ ಒಮ್ಮೆ, ಭಾನುವಾರ ಬೆಳಿಗ್ಗೆ ಮಿಕ್ಸಿ ಹಾಕಿದ್ದಕ್ಕೆ ಒಮ್ಮೆ, ಬಾಲ್ಕನಿಯಲ್ಲಿ ಸೀರೆ ಒಣಹಾಕಿದ್ದಕ್ಕೆ ಇನ್ನೊಮ್ಮೆ. ಹೀಗಿರುವಾಗ, ತೊಂಬತ್ತರ ದಶಕದ ಮೊದಲ ವರ್ಷಗಳ ಒಂದು ಶನಿವಾರ ಮಧ್ಯಾಹ್ನ, ಕೆಳಗಿನ ಮನೆಯಿಂದ ಧಡ್ ಧಡ್ ಎಂಬ ಸದ್ದು ಶುರುವಾಯಿತು. ನಿಲ್ಲುವ ಲಕ್ಷಣವೇ ಇಲ್ಲ. ನಮ್ಮ ಶೆಲ್ಫಿನ ಮೇಲಿದ್ದ ಸ್ಟೀಲ್ ಲೋಟಗಳು ನಡುಗತೊಡಗಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಕೊನೆಗೂ ದೂರು ಕೊಡುವ ಸರದಿ ನಮ್ಮದು.

"ಹೋಗ್ಲಿ ಬಿಡು, ಪಾಪ ವಯಸ್ಸಾದವ್ರು. ವೀಕೆಂಡ್ ಹಾಳ್ ಮಾಡ್ಕೋಬೇಡ," ಎಂದು ನಮ್ಮವರು ಸೋಫಾದಿಂದ ಏಳದೆಯೇ ಬುದ್ಧಿ ಹೇಳಿದರು. ಬಿಟ್ಟುಬಿಡುವ ಪೈಕಿ ನಾನಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಊಟದ ಮೇಜಿನ ಸುತ್ತ ಏಳೆಂಟು ಜನ ಮುದುಕಿಯರು ತೋಳು ಮೇಲೇರಿಸಿಕೊಂಡು ಒದ್ದೆ ಉಣ್ಣೆ ಬಟ್ಟೆಯನ್ನು ಮೇಜಿಗೆ ಬಡಿಯುತ್ತಿದ್ದರು. ಎರಡೂ ತುದಿ ಸೇರಿಸಿ ಹೊಲಿದ ಉದ್ದನೆಯ ಬಟ್ಟೆ ಅದು, ಮೇಜಿನ ಸುತ್ತಲೂ ಹಾದು ಪ್ರತಿಯೊಬ್ಬರ ಮುಂದೂ ಒಂದೊಂದು ಮುದ್ದೆಯಾಗಿ ಬಿದ್ದಿತ್ತು. ಎಲ್ಲರೂ ಒಂದೇ ಏಟಿಗೆ ಅದನ್ನು ಮುಂದಕ್ಕೆ ತಳ್ಳುತ್ತಾರೆ, ಎಳೆದುಕೊಳ್ಳುತ್ತಾರೆ, ಬಡಿಯುತ್ತಾರೆ, ಪಕ್ಕದವರ ಕೈಗೆ ಜರುಗಿಸುತ್ತಾರೆ. ಒಬ್ಬಾಕೆ ಒಂದು ಸಾಲು ಹಾಡುತ್ತಾಳೆ, ಉಳಿದವರು ಸೊಲ್ಲು ಸೇರಿಸುತ್ತಾರೆ. ಭಾಷೆ ಇಂಗ್ಲಿಷಂತೂ ಅಲ್ಲ. ಅಷ್ಟು ವಯಸ್ಸಿನ ಗಂಟಲುಗಳಿಂದ ಅಷ್ಟು ಗಟ್ಟಿಯಾದ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ದೂರು ಹೇಳಲು ತೆರೆದ ಬಾಯಿ ಹಾಗೇ ತೆರೆದಿತ್ತು. ಮೈ ಜುಮ್ಮೆಂದಿತು ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹಾಡು ಮುಗಿದ ಮೇಲೆ, ಹಾಡಿಸುತ್ತಿದ್ದಾಕೆ ನನ್ನತ್ತ ತಿರುಗಿದರು. ಬೆಳ್ಳಿಕೂದಲು, ದಪ್ಪ ಮಣಿಕಟ್ಟು, ನಗು ಇಲ್ಲದ ಮುಖ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಜಗಳಕ್ಕೆ ಬಂದೆಯೋ, ಕೆಲಸಕ್ಕೆ ಬಂದೆಯೋ?"

"ಜಗಳಕ್ಕೆ," ಎಂದೆ.

"ಅದನ್ನು ಆಮೇಲೆ ಮಾಡೋಣ. ಆ ಮೂಲೆಯಲ್ಲಿ ಒಂದು ಕೈ ಕಡಿಮೆ ಇದೆ, ಕೂತುಕೋ."

ಕೂತೆ. ಆ ಜಗಳ ಬಾಕಿಯೇ ಉಳಿದಿದೆ.

ಅವರು ಸ್ಕಾಟ್ಲೆಂಡಿನ ವಾಯವ್ಯ ತುದಿಯ ಒಂದು ದ್ವೀಪದವರು. ಹರೆಯದಲ್ಲೇ ನರ್ಸ್ ಆಗಿ ಅಮೆರಿಕಕ್ಕೆ ಬಂದು, ವಾಷಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಮ್ಮೂರ ಆಸ್ಪತ್ರೆಯ ಅಭ್ಯಾಸಬಲದಿಂದ ನಾನು ಅವರನ್ನು 'ಸಿಸ್ಟರ್' ಎಂದೆ. ಅವರಿಗೆ ಖುಷಿಯಾಯಿತು. ಅವರು ಕಲಿತ ಆಸ್ಪತ್ರೆಯಲ್ಲೂ ಹಾಗೆಯೇ ಕರೆಯುತ್ತಿದ್ದರಂತೆ, ಅಮೆರಿಕದಲ್ಲಿ ಮಾತ್ರ ಯಾರೂ ಕರೆಯಲಿಲ್ಲವಂತೆ. ಅಂದಿನಿಂದ ಅವರು ನಮ್ಮ ಮನೆಗೆಲ್ಲ ಸಿಸ್ಟರ್.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯ ನೇಯ್ಗೆ ಸಡಿಲವಾಗಿರುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಅದನ್ನು ನೆನೆಸಿ ಗಂಟೆಗಟ್ಟಲೆ ಬಡಿದರೆ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಬಟ್ಟೆ ದಪ್ಪವಾಗುತ್ತದೆ, ಬೆಚ್ಚಗಾಗುತ್ತದೆ. ಆ ದ್ವೀಪಗಳಲ್ಲಿ ಇದು ಹೆಂಗಸರ ಕೆಲಸ, ಗಂಡಸರು ಆ ಮೇಜಿನ ಸುತ್ತ ಕೂರುವ ಹಾಗಿಲ್ಲ. ಆಯಾಸ ತಿಳಿಯದಿರಲಿ, ಏಟು ತಪ್ಪದಿರಲಿ ಎಂದು ಹಾಡು. ಯಂತ್ರ ಬಂದ ಮೇಲೆ ಕೆಲಸ ಹೋಯಿತು, ಕೆಲಸದ ಹಿಂದೆಯೇ ಹಾಡೂ ಹೊರಟಿತು. ಸಿಸ್ಟರ್ ಅದನ್ನು ಹೋಗಗೊಡದೆ, ವಾಷಿಂಗ್ಟನ್ ಸುತ್ತಮುತ್ತಲಿನ ತಮ್ಮ ಕಡೆಯ ಹೆಂಗಸರನ್ನು ಹುಡುಕಿ ಹುಡುಕಿ ಈ ಮೇಜಿನ ಸುತ್ತ ಕೂರಿಸಿದ್ದರು. ದಕ್ಷಿಣ ಕೆರೊಲಿನಾದ ಒಬ್ಬ ಮುದಿ ನೇಕಾರ ತಿಂಗಳಿಗೊಂದು ಹಸಿ ಬಟ್ಟೆ, ಅಂದರೆ ಇನ್ನೂ ಬಡಿಯದ್ದು, ನೇಯ್ದು ಕಳಿಸುತ್ತಿದ್ದ.

ಅಲ್ಲಿನ ಕಟ್ಟಳೆಗಳು ನಮ್ಮಜ್ಜಿಯ ಮಡಿಗಿಂತ ಬಿಗಿ. ಬಟ್ಟೆ ಸೂರ್ಯ ಹೋಗುವ ದಿಕ್ಕಿನಲ್ಲೇ ಸುತ್ತಬೇಕು, ತಪ್ಪಿಯೂ ಅಪ್ರದಕ್ಷಿಣೆಯಾಗಿ ಹೊರಳಬಾರದು. ಇದನ್ನು ನನಗೆ ಹೇಳಿಕೊಡಬೇಕಾಗಿ ಬರಲಿಲ್ಲ. ದೇವಸ್ಥಾನ ಸುತ್ತಿದ ಕೈಕಾಲು ತಾನಾಗಿಯೇ ಪ್ರದಕ್ಷಿಣೆಯ ದಿಕ್ಕಿಗೆ ಹೊರಟಿತು. ಸಿಸ್ಟರ್ ಹುಬ್ಬೇರಿಸಿ ನೋಡಿದರು. ಹಿಂದಿನ ಕಾಲದಲ್ಲಿ ಬಟ್ಟೆಯನ್ನು ಮನೆಮಂದಿಯ ಹಳೆಯ ಮೂತ್ರದಲ್ಲಿ ನೆನೆಸುತ್ತಿದ್ದರು ಎಂಬ ಗುಟ್ಟನ್ನು, ನಾನು ಹೌಹಾರಲೆಂದೇ ಇರಬೇಕು, ಬಹಳ ಪೀಠಿಕೆ ಹಾಕಿ ಹೇಳಿದರು. "ನಮ್ಮಲ್ಲಿ ಹಸುವಿನದನ್ನು ಕುಡಿಯುತ್ತಾರೆ," ಎಂದೆ. ಅವರು ಮೊದಲ ಬಾರಿ ನಕ್ಕದ್ದು ಅಂದು.

ಇನ್ನೊಂದು ಕಟ್ಟಳೆಯಿತ್ತು. ಒಂದು ಬಟ್ಟೆಯ ಮೇಲೆ ಒಂದು ಹಾಡನ್ನು ಒಮ್ಮೆ ಮಾತ್ರ ಹಾಡಬೇಕು. ಎರಡನೆಯ ಸಲ ಹಾಡಿದರೆ ಆ ಬಟ್ಟೆ ತೊಟ್ಟವರಿಗೆ ಒಳ್ಳೆಯದಾಗುವುದಿಲ್ಲ. ಆದ್ದರಿಂದ ಹಾಡಿಸುವವಳಿಗೆ ರಾಶಿ ಹಾಡು ಬರಬೇಕು. ಸಿಸ್ಟರಿಗೆ ಎಷ್ಟು ಬರುತ್ತಿತ್ತೋ, ಮಧ್ಯಾಹ್ನ ಶುರುಮಾಡಿ ಕತ್ತಲಾದರೂ ಬತ್ತುತ್ತಿರಲಿಲ್ಲ. ಯಾವುದನ್ನೂ ಅವರು ಬರೆದಿಟ್ಟುಕೊಂಡಿರಲಿಲ್ಲ. ಮೇಜು ಬಿಟ್ಟು ಬೇರೆಡೆ ಕೂತು ಹೇಳಿ ಎಂದರೆ ಒಂದು ಸಾಲೂ ಬರುತ್ತಿರಲಿಲ್ಲ. "ಕೈ ಆಡದೆ ಬಾಯಿ ಆಡುವುದಿಲ್ಲ," ಎನ್ನುತ್ತಿದ್ದರು. ಮೈಸೂರಿನಲ್ಲಿ ಮಿಕ್ಸಿ, ಗ್ರೈಂಡರುಗಳ ನಡುವೆ ಬೆಳೆದ ನನಗೆ, ಹಾಡು ಕೈಯಲ್ಲಿ ಇರುತ್ತದೆ ಎಂಬುದು ಗೊತ್ತಾದದ್ದು ಜರ್ಮನ್‌ಟೌನ್‌ನಲ್ಲಿ.

ಸೊಲ್ಲು ಸೇರಿಸುವವರಿಗೆ ಭಾಷೆ ಬರಬೇಕಿಲ್ಲ ಎಂಬುದು ನನ್ನ ಪುಣ್ಯ. ಸೊಲ್ಲಿನಲ್ಲಿ ಅರ್ಥವೇ ಇಲ್ಲ. ಹೀ ರೀ ಓ, ಹೋ ರೋ ಈ, ನಮ್ಮ ತಂದನಾನದ ಹಾಗೆ. ಹಾಗಾಗಿ ತಿಂಗಳಿಗೊಂದು ಶನಿವಾರ ನಾನೂ ತೋಳೇರಿಸಿ ಕೂರತೊಡಗಿದೆ. ಸೋಮವಾರ ಲ್ಯಾಬಿನಲ್ಲಿ ಪಿಪೆಟ್ ಹಿಡಿದರೆ ಕೈ ನಡುಗುತ್ತಿತ್ತು. "ಸಂಬಳ ಕೊಡೋ ಕೆಲ್ಸಕ್ಕೆ ಇಷ್ಟು ಡೆಡಿಕೇಶನ್ ಇದ್ದಿದ್ರೆ ಪ್ರಮೋಷನ್ ಆಗ್ತಿತ್ತು," ಎಂದು ನಮ್ಮವರು ರೇಗಿಸುತ್ತಿದ್ದರು.

ಎರಡು ಮೂರು ವರ್ಷದಲ್ಲಿ ಮೇಜು ಬರಿದಾಗುತ್ತ ಬಂತು. ಒಬ್ಬರು ಮಗಳ ಮನೆಗೆಂದು ದೂರದ ರಾಜ್ಯಕ್ಕೆ ಹೋದರು, ಇಬ್ಬರು ತೀರಿಕೊಂಡರು, ಇನ್ನಿಬ್ಬರಿಗೆ ಭುಜ ಎತ್ತಲು ಆಗದಾಯಿತು. ಕೆರೊಲಿನಾದ ನೇಕಾರ ಮಗ್ಗ ಮಾರಿಬಿಟ್ಟ. ಅವನು ಕಳಿಸಿದ ಕೊನೆಯ ಬಟ್ಟೆ ಸಿಸ್ಟರ್ ಅವರ ಕಪಾಟಿನಲ್ಲಿ ಮಡಿಚಿ ಕುಳಿತಿತ್ತು. ಬಡಿಯಲು ಜನ ಇರಲಿಲ್ಲ. ಆ ಚಳಿಗಾಲ ಸಿಸ್ಟರಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಕೈಕಾಲು ಉಳಿಯಿತು, ಆದರೆ ಮಾತಿನ ನಡುವೆ ಅಲ್ಲೊಂದು ಇಲ್ಲೊಂದು ಪದ ಕೈಕೊಡತೊಡಗಿತು.

ಅದರ ಬೆನ್ನಿಗೇ ವಸಂತದಲ್ಲಿ ಅವರಿಗೆ ಫೋನ್ ಬಂತು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಹಳೆಯ ಕೆಲ್ಟಿಕ್ ಪರಂಪರೆಯನ್ನು ಉಳಿಸಿ ಬೆಳೆಸಿದವರನ್ನು ವರ್ಷಕ್ಕೊಮ್ಮೆ ಗೌರವಿಸುವ ಸಂಘವೊಂದಿತ್ತು. ಬೇಸಿಗೆಯಲ್ಲಿ ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ನಡೆಯುವ ಕೂಟದಲ್ಲಿ ಪದಕ ತೊಡಿಸುತ್ತಿದ್ದರು. ಈ ಸಲ ಸಿಸ್ಟರಿಗೆ. ನಾನು ಕುಣಿದಾಡಿದೆ. ಸಿಸ್ಟರ್ ಬೇಡ ಎಂದುಬಿಟ್ಟಿದ್ದರು.

ಸನ್ಮಾನವನ್ನು ನಿಜವಾಗಿ ಬೇಡವೆನ್ನುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೇಡ ಬೇಡ ಎನ್ನುತ್ತಲೇ ಹಾರಕ್ಕೆ ಕತ್ತು ಬಗ್ಗಿಸುವವರನ್ನು, ಶಾಲು ಹೊದಿಸುವಾಗ ಫೋಟೋದವನು ಎಲ್ಲಿ ಎಂದು ಓರೆಗಣ್ಣಲ್ಲಿ ಹುಡುಕುವವರನ್ನು ನಮ್ಮ ಕನ್ನಡ ಸಂಘದಲ್ಲಿ ಬೇಕಾದಷ್ಟು ಕಂಡಿದ್ದೆ. ಇದೂ ಅದೇ ನಾಟಕ ಇರಬೇಕೆಂದು ಒತ್ತಾಯ ಮಾಡಿದೆ. ಆಗ ಅವರು ಕಾರಣ ಹೇಳಿದರು.

ಅವರ ತಾಯಿ ಹಾಡಿಸುತ್ತಿದ್ದ ಒಂದು ಉದ್ದದ ಹಾಡಿದೆ. ಸಮುದ್ರದ ಕಡೆ ನೋಡುತ್ತ ಕೂತ ಹೆಣ್ಣೊಬ್ಬಳು, ಊರು ಬಿಟ್ಟು ಹೋದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುವ ಹಾಡು. ಹಾಡಿಸುವವಳು ಕೊನೆಯಲ್ಲಿ ತನ್ನದೇ ಒಂದು ಪದ್ಯ ಕಟ್ಟಿ ಸೇರಿಸಬಹುದು, ಅದು ಅಲ್ಲಿನ ರೂಢಿ. ಸಿಸ್ಟರ್ ಅಮೆರಿಕಕ್ಕೆ ಬಂದು ಕೆಲವು ವರ್ಷಗಳ ಮೇಲೆ ಒಮ್ಮೆ ಊರಿಗೆ ಹೋದಾಗ, ತಾಯಿ ಆ ಹಾಡಿಗೆ ಮಗಳ ಮೇಲೆ ಪದ್ಯ ಕಟ್ಟಿದ್ದರು.

"ನಾನೂ ಮೇಜಿನಲ್ಲಿ ಕೂತು ಸೊಲ್ಲು ಹೇಳುತ್ತಿದ್ದೆ," ಎಂದರು ಸಿಸ್ಟರ್. "ಅಮ್ಮ ನನ್ನ ಕಡೆ ನೋಡಲೂ ಇಲ್ಲ, ಬಟ್ಟೆ ನೋಡಿಕೊಂಡು ಹಾಡಿದಳು. ಮುಂದಿನ ವರ್ಷ ಹೋಗಿಬಿಟ್ಟಳು. ಆ ಪದ್ಯವನ್ನು ನಾನು ಯಾರ ಮುಂದೆಯೂ ಹಾಡಿಲ್ಲ, ನನಗೆ ಸಂಕೋಚ. ಆ ಜಾಗ ಬಂದಾಗ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹೇಳಿಕೊಂಡು ಮುಂದೆ ಹೋಗುತ್ತಿದ್ದೆ. ಈಗ ಆ ಜಾಗಕ್ಕೆ ಹೋದರೆ ಅಲ್ಲಿ ಏನೂ ಇಲ್ಲ. ಸ್ಟ್ರೋಕ್ ಅದನ್ನೇ ಹುಡುಕಿ ತೆಗೆದುಕೊಂಡು ಹೋಗಿದೆ. ಬೇರೆ ಯಾರಿಗೂ ಗೊತ್ತಿಲ್ಲ, ಕೇಳೋಣವೆಂದರೆ ಯಾರೂ ಉಳಿದಿಲ್ಲ. ನನ್ನಮ್ಮನ ಪದ್ಯ ಕಳೆದವಳು ನಾನು. ಉಳಿಸಿದವಳು ಎಂದು ಪದಕ ಹಾಕಿಸಿಕೊಳ್ಳಲೇ?"

ಅದನ್ನು ಕೇಳಿ ಸುಮ್ಮನೆ ಮೇಲೆ ಹತ್ತಿ ಬರಲು ಆಗಲಿಲ್ಲ. "ಮೇಜು ತುಂಬ ಜನ ಇದ್ದರೆ ಬರಬಹುದೇ?" ಎಂದು ಕೇಳಿದೆ. ಅವರು ತಮ್ಮ ಕೈ ನೋಡಿಕೊಂಡು, "ಬಂದರೆ ಹಾಗೇ ಬರಬೇಕು," ಎಂದರು.

ಬೇಕಾದದ್ದು ಜನ ತಾನೇ, ಕರೆತಂದೆ. ಸೆಂಟರ್‌ವಿಲ್‌ನಲ್ಲಿ ನನ್ನೊಬ್ಬ ಗೆಳತಿಯಿದ್ದಳು, ಭಜನಾ ಮಂಡಳಿ ನಡೆಸುವವಳು, ಮಾತು ಶುರುಮಾಡಿದರೆ ವಾಷಿಂಗ್ಟನ್ ಸುತ್ತುವ ಹೆದ್ದಾರಿಯಾದ ಬೆಲ್ಟ್‌ವೇ ಟ್ರಾಫಿಕ್ಕಿನ ಹಾಗೆ, ಹೊರದಾರಿ ಸಿಗುವುದಿಲ್ಲ. ಅವಳ ಮಂಡಳಿಯ ಇನ್ನಿಬ್ಬರು. ಅರವತ್ತರ ದಶಕದಲ್ಲೇ ಬಂದು ನೆಲೆಸಿದ್ದ, ಮಕ್ಕಳ ವೈದ್ಯೆಯಾದ ಡಾಕ್ಟರ್ ಆಂಟಿ. ಸಿಸ್ಟರ್ ಕಡೆಯಿಂದ ಭುಜ ಇನ್ನೂ ಏಳುವ ಒಬ್ಬ ಗೆಳತಿ. ಎಲ್ಲರೂ ಒಂದು ಶನಿವಾರ ಸೇರಿದೆವು. ಮೊದಲ ತಕರಾರು ಬಳೆಯದು. ಗಾಜು ಒಡೆದು ಬಟ್ಟೆಗೆ ಸೇರುತ್ತದೆ, ತೆಗೆಯಿರಿ ಎಂದರು ಸಿಸ್ಟರ್.

"ಅಯ್ಯೋ, ಬೋಳುಕೈ ಮಾಡ್ಕೊಂಡು ಕೂರೋದಾ? ನಮ್ಮತ್ತೆಗೆ ಗೊತ್ತಾದ್ರೆ ಇಂಡಿಯಾದಿಂದ ಫೋನ್ ಮಾಡಿ ಕ್ಲಾಸ್ ತಗೋತಾರೆ," ಎಂದಳು ಸೆಂಟರ್‌ವಿಲ್ ಗೆಳತಿ. ನಾನು ಅನುವಾದಿಸಿದೆ. ಸಿಸ್ಟರ್ ಒಳಗಿನಿಂದ ಬ್ಯಾಂಡೇಜ್ ಸುರುಳಿ ತಂದು ಅವಳ ಬಳೆಗಳ ಮೇಲೆ ನೀಟಾಗಿ ಸುತ್ತಿದರು. ಅವರಿಗೆ ಅತ್ತೆಯ ವಿಷಯ ಬಿಡಿಸಿ ಹೇಳಬೇಕಾಗಲಿಲ್ಲ.

ಕೊನೆಯ ಬಟ್ಟೆ ಕಪಾಟಿನಿಂದ ಹೊರಬಂತು. ಸಣ್ಣ ಹಾಡುಗಳಲ್ಲಿ ಕೈ ಪಳಗಿದ ಮೇಲೆ ಸಿಸ್ಟರ್ ಉದ್ದದ ಹಾಡು ಎತ್ತಿಕೊಂಡರು. ನಮ್ಮ ಕನ್ನಡದ ಹೆಂಗಸರ ಏಟು ಮೊದಲು ತಾಳ ಹಾಕಿದ ಹಾಗಿತ್ತು, ಆಮೇಲೆ ಕೂಡಿಕೊಂಡಿತು. ಪದ್ಯದ ಮೇಲೆ ಪದ್ಯ ಬಂತು, ಮೇಜು ಗುಡುಗಿತು. ಕೊನೆಯ ಹೊತ್ತಿಗೆ ಸಿಸ್ಟರ್ ತಲೆ ಒಂದು ಕಡೆಗೆ ವಾಲಿತು, ಕಣ್ಣು ಮುಚ್ಚಿತು, ಬಾಯಿ ತೆರೆಯಿತು. ದನಿ ಹೊರಡಲಿಲ್ಲ. ಏನೋ ಬರುತ್ತಿದೆ ಎಂದು ನನಗೆ ಗೊತ್ತಾಯಿತು.

ಸೆಂಟರ್‌ವಿಲ್ ಗೆಳತಿಗೆ ಹಾಡು ಮುಗಿಯಿತು ಎನಿಸಿತು. ಅವಳು ಬಟ್ಟೆ ಕೈಬಿಟ್ಟು ಜೋರಾಗಿ ಚಪ್ಪಾಳೆ ತಟ್ಟಿ, "ಒನ್ಸ್ ಮೋರ್, ಒನ್ಸ್ ಮೋರ್," ಎಂದಳು. ಅವಳ ಜೊತೆಯವರೂ ಸೇರಿಕೊಂಡರು. ಚೆನ್ನಾಗಿದ್ದದ್ದನ್ನು ನಾವು ಹೀಗಲ್ಲದೆ ಬೇರೆ ಹೇಗೆ ಮೆಚ್ಚುತ್ತೇವೆ? ನಾಟಕದಲ್ಲಿ ಸತ್ತು ಬಿದ್ದವನನ್ನೂ ಎಬ್ಬಿಸಿ ಇನ್ನೊಮ್ಮೆ ಹಾಡಿಸಿದ ವಂಶ ನಮ್ಮದು.

ಸಿಸ್ಟರ್ ಕಣ್ಣು ತೆರೆದರು. "ಮೊದಲ ಪದ ನಾಲಿಗೆಯ ಮೇಲಿತ್ತು," ಎಂದಷ್ಟೇ ಹೇಳಿದರು. ಸಿಟ್ಟು ಮಾಡಿಕೊಂಡಿದ್ದರೆ ವಾಸಿಯಿತ್ತು. ಗೆಳತಿ ಪಾಪ, "ಸಾರಿ ಸಿಸ್ಟರ್, ಇನ್ನೊಂದ್ಸಲ ಸ್ಟಾರ್ಟ್ ಮಾಡೋಣ್ವಾ," ಎಂದಳು. ಇನ್ನೊಂದು ಸಲ ಹೇಗೆ? ಆ ಬಟ್ಟೆಯ ಮೇಲೆ ಆ ಹಾಡು ಆಗಿಹೋಗಿತ್ತು. ಬೇರೆ ಹಸಿ ಬಟ್ಟೆ ಇರಲಿಲ್ಲ, ನೇಯುವವನೂ ಇರಲಿಲ್ಲ.

ನನಗೆ ರೇಗಿತು. ಹಾಡೇ ಹೋಗುತ್ತಿರುವಾಗ ಇದೆಂಥ ಕಟ್ಟಳೆ, ಯಾರು ನೋಡಲು ಬರುತ್ತಾರೆ ಎಂದು ಸಿಸ್ಟರ್ ಜೊತೆ ವಾದಿಸಿದೆ. ಅವರು ಸಮಾಧಾನವಾಗಿಯೇ ಹೇಳಿದರು, "ನನಗೆ ಬೇಕಾದ ಹಾಗೆ ಬಗ್ಗಿಸಿದರೆ ಅದು ಅಮ್ಮನ ಹಾಡಾಗಿ ಉಳಿಯುವುದಿಲ್ಲ." ಡಾಕ್ಟರ್ ಆಂಟಿ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. ಮೆಟ್ಟಿಲ ಮೇಲೆ ನಿಂತು, "ಇಂಥ ಕೇಸ್‌ನಲ್ಲಿ ಸೆಕೆಂಡ್ ಸ್ಟ್ರೋಕ್ ಬರೋ ಚಾನ್ಸ್ ಇರುತ್ತೆ ಕಣೆ. ಜಾಸ್ತಿ ಡಿಲೇ ಮಾಡೋ ಹಾಗಿಲ್ಲ," ಎಂದರು. ಆಮೇಲೆ, "ಬಟ್ಟೆ ಉಣ್ಣೇದಾಗಿರ್ಬೇಕು, ಬಡಿದಿರ್ಬಾರ್ದು, ಅಷ್ಟೇ ತಾನೆ?" ಎಂದು ಕೇಳಿ ಕಾರು ಹತ್ತಿದರು.

ಮರುದಿನ ಆಂಟಿಯ ಯಜಮಾನರು, ನಮ್ಮೆಲ್ಲರ ಅಂಕಲ್, ಒಂದು ಹಳೆಯ ಸೂಟ್‌ಕೇಸ್ ಹಿಡಿದು ಸಿಸ್ಟರ್ ಮನೆಗೆ ಬಂದರು. ಒಳಗೆ ಕರಿ ಕಂಬಳಿ. ಚಳ್ಳಕೆರೆ ಕಡೆಯದು. ಅಂಕಲ್ ಅಮೆರಿಕಕ್ಕೆ ಹೊರಟಾಗ ಮನೆಯವರು ಬಲವಂತವಾಗಿ ತುರುಕಿದ್ದಂತೆ. ಸಹೋದ್ಯೋಗಿಗಳ ಎದುರು ಬಿಚ್ಚಲು ನಾಚಿಕೆಯಾಗಿ ಮೂಲೆಗಿಟ್ಟವರು, ಆಮೇಲೆ ಪ್ರತಿ ಸಲ ಮನೆ ಬದಲಿಸಿದಾಗಲೂ ಹೊತ್ತುಕೊಂಡು ಓಡಾಡಿದ್ದಾರೆ, ಒಮ್ಮೆಯೂ ಹೊದೆದಿಲ್ಲ.

ಸಿಸ್ಟರ್ ಕಂಬಳಿಯನ್ನು ಮಡಿಲಿಗೆ ಹಾಕಿಕೊಂಡು ನೋಡಿದ ರೀತಿ ನನಗೆ ಮರೆಯುವುದಿಲ್ಲ. ಅಂಚಿನ ಎಳೆ ಬಿಡಿಸಿದರು, ತಿರುಚಿದರು, ಮೂಗಿಗೆ ಹಿಡಿದರು, ಕೊನೆಗೆ ತುದಿಯನ್ನು ನಾಲಿಗೆಗೆ ಮುಟ್ಟಿಸಿದರು. "ಏನೋ ಅಂಟು ಇದೆ," ಎಂದರು. ಹುಣಸೆಬೀಜದ ಗಂಜಿ ಅದು, ಎಳೆ ಗಟ್ಟಿಯಾಗಲೆಂದು ನೇಕಾರರು ಸವರುತ್ತಾರೆ ಎಂದು ಅಂಕಲ್ ವಿವರಿಸಿದರು. "ಮಗ್ಗದಿಂದ ಇಳಿದ ಮೇಲೆ ಇದನ್ನು ಯಾರೂ ಬಡಿದಿಲ್ಲ," ಎಂದರು ಸಿಸ್ಟರ್. "ಇದನ್ನು ಯಾರು ಹೊದೆಯುತ್ತಾರೆ? ಹೊದೆಯುವವರು ಯಾರೆಂದು ತಿಳಿಯದೆ ಬಡಿಯುವ ಹಾಗಿಲ್ಲ."

"ನಾನೇ ಹೊದೀತೀನಿ," ಎಂದರು ಅಂಕಲ್. ಸಿಸ್ಟರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಪ್ಪಿದ ಹಾಗೆ ತಲೆಯಾಡಿಸಿದರು. ಸಂಘದವರಿಗೆ ಫೋನ್ ಮಾಡಿಸಿದರು. ಬರುತ್ತೇನೆ, ಮೊದಲು ನಿಮ್ಮೆದುರೇ ಬಟ್ಟೆ ಬಡಿಯುತ್ತೇನೆ, ಪದ್ಯ ಬಂದರೆ ಪದಕದ ಮಾತು ಆಮೇಲೆ ಎಂದರು.

ಜುಲೈನಲ್ಲಿ ಎರಡು ವ್ಯಾನು ಮಾಡಿಕೊಂಡು ಹೊರಟೆವು. ಪುಳಿಯೋಗರೆ, ಚಕ್ಕುಲಿ, ಥರ್ಮಾಸಿನಲ್ಲಿ ಕಾಫಿ, ಹಿಂದಿನ ಸೀಟಿನಲ್ಲಿ ಕಂಬಳಿ. ವರ್ಜೀನಿಯಾದ ಕಣಿವೆಯುದ್ದಕ್ಕೂ ಸೆಂಟರ್‌ವಿಲ್ ಗೆಳತಿ ಒಂದು ಮಾತೂ ಆಡಲಿಲ್ಲ. ಅದರಿಂದಲೇ ನನಗೆ ಅವಳ ಅವಸ್ಥೆ ಅರ್ಥವಾಯಿತು.

ಬೆಟ್ಟದ ಮೇಲೆ ಮಂಜು ಕವಿದಿತ್ತು. ಹುಲ್ಲುಗಾವಲಿನ ತುಂಬ ಡೇರೆ, ಬ್ಯಾಗ್‌ಪೈಪಿನ ಮೊರೆತ. ಮೊಣಕಾಲುದ್ದದ ಚೌಕಳಿ ಲಂಗ ತೊಟ್ಟ ಗಂಡಸರನ್ನು ಕಂಡು ನಮ್ಮ ಗುಂಪಿನವರು ಮೊದಲು ಕಿಸಕ್ಕೆಂದರು. ಆಮೇಲೆ ತಾವಾಗಿಯೇ ಗಂಭೀರರಾದರು. ಅಲ್ಲಿದ್ದವರಲ್ಲಿ ಹೆಚ್ಚಿನವರ ಮುತ್ತಜ್ಜಂದಿರ ಮುತ್ತಜ್ಜಂದಿರು ಹಡಗು ಹತ್ತಿ ಈ ಕೆರೊಲಿನಾಗಳಿಗೆ ಬಂದವರು. ಭಾಷೆ ಯಾವಾಗಲೋ ಹೋಗಿದೆ. ಊರು ನೋಡಿಲ್ಲ. ಆದರೂ ಒಬ್ಬ ಟ್ರಕ್ ಡ್ರೈವರ್, ಒಬ್ಬ ಹೈಸ್ಕೂಲ್ ಮೇಷ್ಟ್ರು, ಒಬ್ಬ ದಂತವೈದ್ಯ ಮಂಜಿನಲ್ಲಿ ನಿಂತು, ಇನ್ನೂರು ವರ್ಷ ಹಿಂದಿನ ರಾಗವನ್ನು ಒಂದು ಸ್ವರ ಅತ್ತಿತ್ತ ಆಗದ ಹಾಗೆ ಊದುತ್ತಿದ್ದರು. ಯಾರಿಗೂ ಇದರಿಂದ ಮೂರು ಕಾಸಿನ ಲಾಭವಿಲ್ಲ. ನಮ್ಮ ಮಕ್ಕಳ ಮಕ್ಕಳು ಹೀಗೆ ಯಾವುದಾದರೂ ಬೆಟ್ಟದ ಮೇಲೆ ನಿಲ್ಲುತ್ತಾರೆಯೇ ಎಂದುಕೊಂಡೆ. ಗೊತ್ತಿಲ್ಲ. ಆದರೆ ನಿಂತವರನ್ನು ಕಂಡೆನಲ್ಲ, ಕೈಮುಗಿಯಬೇಕು ಎನಿಸಿತು.

ಸಂಜೆ ದೊಡ್ಡ ಡೇರೆಯಲ್ಲಿ ಗೌರವ ಸಮಾರಂಭ. ಅಟ್ಲಾಂಟಾದಿಂದ ಒಬ್ಬ ವೃದ್ಧರು ಬಂದಿದ್ದರು, ಕೆಟ್ಟುಹೋದ ಹಾರ್ಪ್ ವಾದ್ಯಗಳನ್ನು ಜೀವಮಾನವೆಲ್ಲ ರಿಪೇರಿ ಮಾಡಿಕೊಟ್ಟವರು. ಹೊಗಳಿಕೆ ಎರಡು ಮಾತಿನಲ್ಲಿ ಮುಗಿಯಿತು. ಅವರನ್ನು ಸುಮ್ಮನೆ ಒಂದು ಹಾರ್ಪಿನ ಮುಂದೆ ಕೂರಿಸಿದರು. ಅವರು ಶ್ರುತಿ ಮಾಡಿದರು, ಅಷ್ಟೇ. ಇಡೀ ಡೇರೆ ಉಸಿರು ಬಿಗಿಹಿಡಿದು ಒಂದೊಂದೇ ತಂತಿ ಸರಿಯಾಗುವುದನ್ನು ಕೇಳಿತು. ಭಾಷಣವಿಲ್ಲದೆಯೂ ಸನ್ಮಾನ ಮಾಡಬಹುದು ಎಂದು ನಾನು ಆವತ್ತು ಕಲಿತೆ.

ನಮ್ಮ ಸರದಿ. ಮೇಜು ಎಳೆದು ತಂದರು. ನಾವು ಸೀರೆಯ ಸೆರಗು ಸಿಕ್ಕಿಸಿ, ಬಳೆಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತೆವು. ತುದಿ ಸೇರಿಸಿ ಹೊಲಿದ ಕಂಬಳಿಯನ್ನು ಬಿಸಿನೀರಿನಲ್ಲಿ ಅದ್ದಿ ಮೇಜಿನ ಮೇಲೆ ಹಾಕಿದಾಗ ಹುಣಸೆ ಗಂಜಿ ಲೋಳೆಯಾಗಿ ಕೈಗೆ ಹತ್ತಿತು. ಡೇರೆಯಲ್ಲಿ ಕುರಿ ಮತ್ತು ಹುಣಸೆಯ ವಾಸನೆ ಎದ್ದಿತು. ಮುಂದಿನ ಸಾಲಿನಲ್ಲಿ ಅಂಕಲ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಸಿಸ್ಟರ್ ಬೇರೆ ಯಾವ ಹಾಡನ್ನೂ ಹಾಡದೆ ನೇರವಾಗಿ ಅದನ್ನೇ ಎತ್ತಿಕೊಂಡರು. ಕಂಬಳಿ ಆ ತೆಳು ಬಟ್ಟೆಯಂತಲ್ಲ, ಭಾರ, ಒರಟು. ಭುಜ ಬೇಗ ಉರಿಯಿತು. ಒಂದೊಂದು ಪದ್ಯಕ್ಕೂ ನಮ್ಮ ಹೀ ರೀ ಓ ಹತ್ತುತ್ತ, ಇಳಿಯುತ್ತ ಹೋಯಿತು. ಕೊನೆಯ ಜಾಗ ಬಂತು. ಸಿಸ್ಟರ್ ನಿಲ್ಲಿಸಿದರು.

ಈ ಸಲ ಯಾರೂ ಕೈ ಬಿಡಲಿಲ್ಲ. ಮುಂದಿನ ಸಾಲು ನಮಗ್ಯಾರಿಗೂ ಗೊತ್ತಿಲ್ಲ, ಹಾಡಿಸುವವರು ಹಾಡುತ್ತಿಲ್ಲ. ಏನು ಮಾಡುವುದೆಂದು ನಾನು ದಿಕ್ಕೆಟ್ಟಿದ್ದಾಗ, ಸೆಂಟರ್‌ವಿಲ್ ಗೆಳತಿ ಸೊಲ್ಲನ್ನೇ ಮತ್ತೆ ಎತ್ತಿದಳು. ಭಜನೆಯಲ್ಲಿ ಹಾಡಿಸುವವರು ಸಾಲು ಮರೆತರೆ ಹಿಂದಿನವರು ಪಲ್ಲವಿ ಬಿಡುವುದಿಲ್ಲ, ನೆನಪಾಗುವವರೆಗೆ ತಿರುಗಿಸುತ್ತಲೇ ಇರುತ್ತಾರೆ. ಅವಳಿಗೆ ಅದು ಕೈವಶ. ನಾವೂ ಸೇರಿದೆವು. ಹೀ ರೀ ಓ, ಹೋ ರೋ ಈ. ಮತ್ತೆ. ಮತ್ತೆ. ಏಟು ಬೀಳುತ್ತಲೇ ಇತ್ತು, ಕಂಬಳಿ ಪ್ರದಕ್ಷಿಣೆಯಾಗಿ ಸುತ್ತುತ್ತಲೇ ಇತ್ತು, ಸಿಸ್ಟರ್ ಕೈಗಳೂ ಆಡುತ್ತಿದ್ದವು, ಬಾಯಿ ಮಾತ್ರ ಮುಚ್ಚಿತ್ತು. ಡೇರೆಯಲ್ಲಿ ಯಾರೋ ಎದ್ದು ನಿಂತರು, ಅವರ ಪಕ್ಕದವರೂ ಎದ್ದರು. ಅವರೂ ಸೊಲ್ಲಿಗೆ ದನಿ ಕೊಟ್ಟರು. ಕೊನೆಗೆ ಇಡೀ ಡೇರೆ ಆ ಅರ್ಥವಿಲ್ಲದ ಸೊಲ್ಲನ್ನು ಹಿಡಿದುಕೊಂಡು ಒಬ್ಬ ಮುದುಕಿಗಾಗಿ ಕಾಯುತ್ತಿತ್ತು. ಅಂಥದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಪದ್ಯ ಬಂತು. ಕಂಬಳಿ ನೋಡಿಕೊಂಡು, ಗಟ್ಟಿಯಾಗಿ, ತಡವರಿಸದೆ, ಮೊದಲಿನಿಂದ ಕೊನೆಯವರೆಗೆ ಬಂತು. ನಾವು ಕೊನೆಯ ಸೊಲ್ಲು ಹೇಳಿ ನಿಲ್ಲಿಸಿದೆವು. ಗೆಳತಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ, ನಾಚಿಕೆಯೇನು.

ಸಂಘದ ಅಧ್ಯಕ್ಷರು ಪದಕ ಹಿಡಿದು ಬಂದು, ಕೊನೆಯ ಪದ್ಯದ ಅರ್ಥ ಹೇಳುವಿರಾ ಎಂದು ಮೈಕ್ ಮುಂದೆ ಮಾಡಿದರು. ಸಿಸ್ಟರ್ ಸ್ವಲ್ಪ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದರು.

"ಇದನ್ನು ನನ್ನಮ್ಮ ಕಟ್ಟಿದ್ದು. ಸಮುದ್ರದಾಚೆ ನನ್ನ ಮಗಳಿದ್ದಾಳೆ, ಚಳಿಯಿಲ್ಲ ಅಂತ ಬರೆಯುತ್ತಾಳೆ. ಚಿಕ್ಕವಳಿದ್ದಾಗಲೂ ಹಾಗೇ ಹೇಳುತ್ತಿದ್ದಳು, ತುಟಿ ನೀಲಿಗಟ್ಟಿದ್ದರೂ. ಇಷ್ಟೇ ಪದ್ಯ."

ಆಮೇಲೆ ಮೈಕ್ ಸರಿಸಿ, ಒದ್ದೆ ಕಂಬಳಿಯ ಮೇಲೆ ಎರಡೂ ಕೈಯಿಟ್ಟು, ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಒಂದು ಮಾತು ಹೇಳಿದರು. ಪದಕಕ್ಕೆ ಕತ್ತು ಬಗ್ಗಿಸಿದ್ದು ಅದಾದ ಮೇಲೆ.

ಮರುದಿನ ವ್ಯಾನಿನಲ್ಲಿ ಅವರು ನನ್ನ ಪಕ್ಕದಲ್ಲಿ ಕೂತಿದ್ದರು. ವರ್ಜೀನಿಯಾ ಬಂದ ಮೇಲೆ ಕೇಳಿದೆ, "ಕೊನೆಗೆ ಏನೋ ಹೇಳಿದಿರಲ್ಲ ಸಿಸ್ಟರ್, ಅದೂ ಹಾಡಿನ ಸಾಲೇ?"

"ಅಲ್ಲ," ಎಂದರು. ಕಿಟಕಿಯ ಕಡೆ ತಿರುಗಿದರು. "ಚಳಿಯಿತ್ತು ಅಮ್ಮ, ಅಂದೆ. ಅಷ್ಟೇ."